ಉತ್ತರ ಕೊಲ್ಲಿಯ ಹಗ್ಗ

ಹಾಲ್‌ವಿಕ್
9 ಅಕ್ಟೋಬರ್ 2016

ತವಮಣಿ ಅಕ್ಕನಿಗೆ,

ಫೋನ್ ಇರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನಗುತ್ತಿರಬಹುದು ನೀನು. ನಮ್ಮ ಮನೆ ನಿನಗೆ ಗೊತ್ತಲ್ಲ, ಅಡುಗೆಮನೆಯಲ್ಲಿ ಪಿಸುಗುಟ್ಟಿದರೆ ಮಲಗುವ ಕೋಣೆಯಲ್ಲಿ ಕೇಳುತ್ತದೆ. ಇವರ ಕಿವಿಗೆ ಬೀಳಬಾರದ ಒಂದು ಮಾತಿದೆ. ಇವರು ಓಡ್‌ವಾರ್ ಅವರ ಬಲೆಮನೆಗೆ ಬಲೆ, ಹಗ್ಗ ಕಟ್ಟುವ ಕೆಲಸಕ್ಕೆ ಹೋಗಿರುವ ಹೊತ್ತು ನೋಡಿ ಬರೆಯಲು ಕೂತಿದ್ದೇನೆ.

ಕಳೆದ ಶನಿವಾರ ಬೆಳಿಗ್ಗೆ ಉತ್ತರ ಕೊಲ್ಲಿಗೆ ಹೋಗಿದ್ದೆ. ನೀನು ಓಸ್ಲೋಗೆ ಹೋಗಿ ಮೂರು ವರ್ಷವಾಯಿತು, ಆದರೂ ಚೀಲ ಎರಡು ತೆಗೆದುಕೊಳ್ಳುವ ಅಭ್ಯಾಸ ನನಗೆ ತಪ್ಪಿಲ್ಲ. ಹಿಂದಿನ ವಾರದ ಬಿರುಗಾಳಿಗೆ ದಡದ ತುಂಬ ಕಸ. ಮೀನಿನ ಪೆಟ್ಟಿಗೆ, ರಷ್ಯಾದ ಎಣ್ಣೆ ಡಬ್ಬ, ಒಂಟಿ ಕೈಗವಸುಗಳು. ನಾವಿಬ್ಬರೂ ಮೀನು ಕಾರ್ಖಾನೆಯಲ್ಲಿ ಪಾಳಿ ಮುಗಿಸಿ, ಮೈಯ ಮೀನಿನ ವಾಸನೆ ಗಾಳಿಗೆ ಹೋಗಲಿ ಎಂದು ಅಲ್ಲಿಗೆ ಹೋಗುತ್ತಿದ್ದೆವಲ್ಲ, ಸುಮ್ಮನೆ ನಡೆಯುವ ಬದಲು ಕಸವನ್ನಾದರೂ ಹೆಕ್ಕೋಣ ಎಂದು ಶುರು ಮಾಡಿದ್ದು ನೀನೇ. ಊರಿನವರು ನಮ್ಮನ್ನು ನೋಡಿ, ಮಾರಲು ಹೆಕ್ಕುತ್ತಾರೆ ಎಂದುಕೊಂಡಿದ್ದರು. ನೆನಪಿದೆಯಾ? ಅಷ್ಟು ವರ್ಷ ಬನ್ನಿ ಬನ್ನಿ ಎಂದು ಕರೆದರೂ ಒಬ್ಬರೂ ಬರಲಿಲ್ಲ.

ಬಂಡೆಯ ಆಚೆ ಎರಡು ಗಂಡು ಹಿಮಸಾರಂಗ ಇದ್ದವು. ದಡಕ್ಕೆ ಬಂದ ಬಲೆ ಎರಡರ ಕೊಂಬಿಗೂ ಸುತ್ತಿಕೊಂಡಿತ್ತು. ಒಂದು ಸತ್ತು ಬಿದ್ದಿತ್ತು, ಎರಡು ದಿನವಾದರೂ ಆಗಿರಬೇಕು. ಇನ್ನೊಂದು ಬದುಕಿತ್ತು. ಸತ್ತದ್ದನ್ನು ಎಳೆದೆಳೆದು ಅದರ ಸುತ್ತ ಮರಳಿನಲ್ಲಿ ವೃತ್ತವೇ ಬಿದ್ದಿತ್ತು. ತಲೆ ಎತ್ತಲಾಗದೆ, ಸತ್ತದ್ದರ ಮೂತಿಗೆ ಮೂತಿ ತಾಗಿಸಿ ನಿಂತಿತ್ತು.

ನನ್ನ ಹತ್ತಿರ ಕಾರ್ಖಾನೆಯ ಹಳೆಯ ಮೀನು ಕೊಯ್ಯುವ ಚಾಕು ಇತ್ತು. ಹತ್ತಿರ ಹೋದೆ. ಒಂದು ಹಗ್ಗ ಕೊಯ್ದೆ, ಎರಡನೆಯದಕ್ಕೆ ಕೈ ಹಾಕಿದಾಗ ಅದು ಕೊಸರಿತು, ನಾನು ಬಂಡೆಯ ಮೇಲೆ ಬಿದ್ದೆ. ಮತ್ತೆ ಹೋದೆ. ಮತ್ತೆ ಕೊಸರಿತು. ಕೊನೆಗೆ ರಸ್ತೆಗೆ ಓಡಿ, ಸಾರಂಗ ಸಾಕುವ ಯೋವ್ನಾನಿಗೆ ಫೋನ್ ಮಾಡಿದೆ. ಅವನು ಬರಲು ಎರಡು ತಾಸು ಹಿಡಿಯಿತು. ಆ ಎರಡು ತಾಸು ನಾನು ಅದರ ಎದುರು ಕೂತು ತಮಿಳಿನಲ್ಲಿ ಏನೇನೋ ಹೇಳುತ್ತಿದ್ದೆ ಅಕ್ಕಾ. ಮಗುವಿಗೆ ಹೇಳುವ ಹಾಗೆ.

ಯೋವ್ನಾ ಬಂದು ನೋಡಿದ. ಕಾಲು ಮುಟ್ಟಿ ನೋಡಿದ. ಹೋಗಿ ಬಂದೂಕು ತಂದ.

"ಬಿಡಿಸೋಕೆ ಆಗಲ್ವಾ?" ಅಂದೆ.

"ಬಿಡಿಸಬಹುದು. ನಡೆಯಲ್ಲ ಅದು. ಕಾಲು ಹೋಗಿದೆ," ಅಂದ. ಆಮೇಲೆ, "ನೀನ್ಯಾಕೆ ಅಳ್ತೀಯ? ಈ ವರ್ಷ ಇದು ನಂದು ಐದನೇದು. ನಾನು ಅಳ್ತಿದೀನಾ?" ಅಂದ. ಮುಖ ತಿರುಗಿಸಿ ಬಂದೂಕಿಗೆ ಗುಂಡು ತುಂಬಿದ.

ಹೇಳಬೇಕಾದ ಮಾತು ಇದಲ್ಲ. ಅದನ್ನು ಬರೆಯಲೆಂದೇ ಕೂತೆ, ಇಷ್ಟು ಬರೆದರೂ ಕೈ ಅತ್ತ ಹೋಗಲಿಲ್ಲ. ಇನ್ನೊಮ್ಮೆ ಬರೆಯುತ್ತೇನೆ.

ನಿನ್ನ
ಯೋಗಾ

*

ಓಸ್ಲೋ
17 ಅಕ್ಟೋಬರ್ 2016

ಯೋಗಾ,

ನಿನ್ನ ಕಾಗದ ಓದಿದ ದಿನ ಊಟ ಸೇರಲಿಲ್ಲ. ಬಂಡೆಯ ಮೇಲೆ ಬಿದ್ದೆ ಎಂದು ಬರೆದೆ, ಎಲ್ಲಿಗೆ ಪೆಟ್ಟಾಯಿತು ಎಂದು ಬರೆಯಲಿಲ್ಲ. ಸೊಂಟಕ್ಕೆ ತಾನೆ? ಬಿಸಿ ಉಪ್ಪಿನ ಗಂಟು ಇಟ್ಟುಕೋ. ಐವತ್ತೆಂಟು ವರ್ಷದ ಹೆಂಗಸು ಕೊಂಬಿನ ಮೃಗದ ಜೊತೆ ಕುಸ್ತಿ ಮಾಡುತ್ತಾಳೆ ಎಂದು ಇಲ್ಲಿ ನಮ್ಮವರ ದೇವಸ್ಥಾನದಲ್ಲಿ ಹೇಳಿದರೆ ಯಾರೂ ನಂಬಲಿಲ್ಲ.

ಇಲ್ಲೂ ನನ್ನ ಚಟ ಬಿಟ್ಟಿಲ್ಲ. ನಮ್ಮ ಕಟ್ಟಡದ ಹಿಂದೆ ಒಂದು ತೊರೆ ಇದೆ, ದಿನಾ ಬೆಳಿಗ್ಗೆ ಅಲ್ಲಿ ಬಾಟಲಿ ಹೆಕ್ಕುತ್ತೇನೆ. ಮೊನ್ನೆ ನಾಯಿ ಹಿಡಿದುಕೊಂಡು ಬಂದ ಹೆಂಗಸೊಬ್ಬಳು ನಿಂತು, "ಎಷ್ಟು ಒಳ್ಳೆಯವಳು ನೀನು! ನಿಮ್ಮ ದೇಶದಲ್ಲೂ ಹೀಗೇ ಮಾಡ್ತಿದ್ರಾ?" ಅಂದಳು. "ಇಪ್ಪತ್ತೊಂಬತ್ತು ವರ್ಷದಿಂದ ನಮ್ಮ ದೇಶದಲ್ಲೇ ಮಾಡ್ತಿದೀನಿ," ಅಂದೆ. ಅವಳಿಗೆ ಅರ್ಥವಾಗಲಿಲ್ಲ, ನಕ್ಕು ಹೋದಳು. ಮಗ ಕುಗನೇಸನ್‌ಗೆ ಹೇಳಿದೆ. ಅವನು ನಗರಸಭೆಯ ಕಚೇರಿಯಲ್ಲಿ ಕೂತು ಕೂತು ಗಂಭೀರನಾಗಿಬಿಟ್ಟಿದ್ದಾನೆ. "ಅಮ್ಮಾ, ಅದನ್ನ ತಮಾಷೆ ಅಂದ್ಕೋಬೇಡ," ಅಂದ.

ಆ ಮಾತು ಏನು? ತಿಲ್ಲೈ ಕೇಳಬಾರದ ಮಾತು ನಿನ್ನ ಹತ್ತಿರ ಏನಿದೆ? ಮೂವತ್ತು ವರ್ಷದಲ್ಲಿ ಅವರಿಗೆ ಹೇಳದೆ ನೀನು ಒಂದು ಸೀರೆ ತೆಗೆದುಕೊಂಡವಳಲ್ಲ. ಬರೆ. ಒಳಗೆ ಇಟ್ಟುಕೊಂಡರೆ ಹುಣ್ಣಾಗುತ್ತದೆ.

ನಿನ್ನ ಅಕ್ಕ
ತವಮಣಿ

*

ಹಾಲ್‌ವಿಕ್
6 ನವೆಂಬರ್ 2016

ಅಕ್ಕಾ,

ಕಾಗದದ ಜೊತೆ ಒಂದು ತುಂಡು ಹಗ್ಗ ಇಟ್ಟಿದ್ದೇನೆ. ಸಾರಂಗದ ಕೊಂಬಿನಿಂದ ಕೊಯ್ದದ್ದು ಅದೇ. ಅದರ ತುದಿ ನೋಡು.

ಕೆಂಪು ನೂಲಿನ ಸುತ್ತು ಕಾಣಿಸಿತಾ? ಹಾಲ್‌ವಿಕ್‌ನಲ್ಲಿ ಎಲ್ಲರೂ ಹಗ್ಗದ ತುದಿ ಬಿಚ್ಚಿಕೊಳ್ಳದ ಹಾಗೆ ಬೆಂಕಿಗೆ ಹಿಡಿದು ಕರಗಿಸುತ್ತಾರೆ. ನೂಲು ಸುತ್ತುವವರು ಒಬ್ಬರೇ. ನಾವು ಬಿಟ್ಟುಬಂದ ಮಯಿಲಿಟ್ಟಿಯ ಕಡಲತೀರದಲ್ಲಿ ಮಾವ ಇವರಿಗೆ ಕಲಿಸಿದ್ದು ಅದು. ಒಂಬತ್ತು ಸುತ್ತು, ಒಳಗಿಂದ ಗಂಟು. ಇವರು ಹಾಗೆ ಕಟ್ಟಿಕೊಡುವುದು ಓಡ್‌ವಾರ್ ಅವರ ದೋಣಿಗೆ ಮಾತ್ರ.

ಇದು ಒಂದೇ ಅಲ್ಲ. ಎರಡು ವರ್ಷದಿಂದ ಇಂಥ ತುಂಡುಗಳು ಸಿಗುತ್ತಿವೆ. ಮೊದಲು ಸಿಕ್ಕಾಗ ಜೇಬಿಗೆ ಹಾಕಿಕೊಂಡು ಸುಮ್ಮನಾದೆ. ಬಂಡೆಗೆ ಸಿಕ್ಕಿ ಹರಿದಿರಬೇಕು ಎಂದುಕೊಂಡೆ. ಇದನ್ನು ಬಿಟ್ಟು ಇನ್ನೂ ಹದಿಮೂರು ತುಂಡು ಒಂದು ಹಿಟ್ಟಿನ ಡಬ್ಬದಲ್ಲಿದೆ. ಯಾವುದೂ ಹರಿದದ್ದಲ್ಲ. ಚಾಕುವಿನಲ್ಲಿ ಕೊಯ್ದದ್ದು. ಹಳೆಯ ಬಲೆಯನ್ನು ಬಂದರಿಗೆ ತಂದು ತೊಟ್ಟಿಗೆ ಹಾಕುವ ಬದಲು, ಅಲ್ಲೇ ಕೊಯ್ದು ಸಮುದ್ರಕ್ಕೆ ಬಿಡುತ್ತಾರೆ.

ಕಳೆದ ವಾರ ಧೈರ್ಯ ಮಾಡಿ ಬಲೆಮನೆಗೆ ಹೋದೆ. ಇವರು ಹಲ್ಲಿನ ವೈದ್ಯರ ಹತ್ತಿರ ಹೋಗಿದ್ದರು. ಓಡ್‌ವಾರ್ ಒಬ್ಬರೇ ಇದ್ದರು. ಅವರ ಭಾಷೆಯಲ್ಲಿ ಎಲ್ಲರೂ ಎಲ್ಲರಿಗೂ 'ನೀನು' ಅನ್ನುತ್ತಾರೆ, ನಾನೂ ಅನ್ನುತ್ತೇನೆ, ಆದರೆ ಅವರ ಮುಂದೆ ನಿಂತಾಗ ನನ್ನ ಮನಸ್ಸಿನಲ್ಲಿ ಅದು ಯಾವತ್ತೂ 'ನೀವು'. ನಮಗೆ ಯಾರೂ ಮನೆ ಕೊಡದ ಚಳಿಗಾಲದಲ್ಲಿ ತಮ್ಮ ಮಹಡಿ ಬಿಟ್ಟುಕೊಟ್ಟವರು. ಕಾರ್ಖಾನೆ ಮುಚ್ಚಿದ್ದ ಎರಡು ವರ್ಷ ಇವರಿಗೆ ಕೆಲಸ ಕೊಟ್ಟವರು.

ಹಗ್ಗ ಮುಂದಿಟ್ಟೆ. ಅವರು ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದರು.

"ತಿಲ್ಲೈ ಕೈಕೆಲಸ. ಚೆನ್ನಾಗಿ ಸುತ್ತುತ್ತಾನೆ ಕಣೆ ನಿನ್ನ ಗಂಡ," ಅಂದರು. ಸುಳ್ಳು ಹೇಳಲಿಲ್ಲ ಅವರು. ಅದನ್ನು ಬರೆಯಲೇಬೇಕು.

"ಯೋವ್ನಾನ ಸಾರಂಗದ ಕೊಂಬಲ್ಲಿ ಸಿಕ್ತು," ಅಂದೆ.

"ಕೇಳ್ದೆ. ಪಾಪ." ಕನ್ನಡಕ ತೆಗೆದು, "ನಮ್ಮಪ್ಪನೂ ಹಳೇ ಬಲೆ ಸಮುದ್ರಕ್ಕೇ ಬಿಡ್ತಿದ್ದ. ಅಜ್ಜನೂ ಬಿಡ್ತಿದ್ದ," ಅಂದರು.

"ಅಜ್ಜನ ಬಲೆ ಸೆಣಬಿಂದು, ಕೊಳೆತು ಹೋಗ್ತಿತ್ತು. ಇದು ನಾವೆಲ್ಲ ಸತ್ತ ಮೇಲೂ ಇರುತ್ತೆ."

"ಯೋಗಾ, ಈ ಬಂದರಲ್ಲಿ ನಲವತ್ತು ದೋಣಿ ಇದ್ವು, ಈಗ ಆರಿವೆ. ನನ್ನ ಜೊತೆ ಬರೋಕೆ ಇರೋದು ಇಬ್ರು ಮುದುಕ್ರು. ಆ ಒದ್ದೆ ಬಲೆ ಎಷ್ಟು ಭಾರ ಗೊತ್ತಾ ನಿಂಗೆ? ರಷ್ಯಾದಿಂದ ಬರುತ್ತೆ, ಇಂಗ್ಲೆಂಡಿಂದ ಬರುತ್ತೆ, ಇಡೀ ಲೋಕದ ಕಸ ಬಂದು ಬೀಳುತ್ತೆ. ಅದ್ರಲ್ಲಿ ನಿನ್ನ ಕಣ್ಣಿಗೆ ನನ್ನ ಹಗ್ಗಾನೇ ಬಿತ್ತಾ?"

ಅವರು ಹಗ್ಗವನ್ನು ನನ್ನ ಕೈಗೇ ವಾಪಸು ಕೊಟ್ಟು, ಬೇಸರದಿಂದಲೇ, "ನೀನು ಇಲ್ಲಿಯವಳೇ ಅಂತ ಎಷ್ಟು ಜನರ ಹತ್ರ ಜಗಳ ಆಡಿದೀನಿ ನಾನು. ಇಲ್ಲಿಯವ್ರು ಹೀಗೆ ಮಾಡಲ್ಲ," ಅಂದರು.

ದಾರಿಯುದ್ದಕ್ಕೂ ಅದೇ ಮಾತು. ಇಲ್ಲಿಯವರು ಹೀಗೆ ಮಾಡಲ್ಲ. ಯಾವುದನ್ನು? ಹಗ್ಗ ಎಸೆಯುವುದನ್ನಾ, ಎತ್ತುವುದನ್ನಾ?

ಇವರಿಗೆ ಹೇಗೆ ಹೇಳಲಿ? ದಿನಾ ಸಂಜೆ ಬಂದು, ಇವತ್ತು ಇಷ್ಟು ಹಗ್ಗ ಮುಗಿಸಿದೆ ಎಂದು ಬೆರಳು ನೀವಿಕೊಳ್ಳುವ ಮನುಷ್ಯನಿಗೆ? ನಿನ್ನ ಮುಂದೆ ಭಾರ ಇಳಿಸಿಕೊಂಡೆ, ಅಷ್ಟು ಸಾಕು. ಕುಗನಿಗೆ ಹೇಳಬೇಡ. ನನ್ನಾಣೆ.

ಯೋಗಾ

*

ಓಸ್ಲೋ
24 ನವೆಂಬರ್ 2016

ಯೋಗಾ,

ಸುತ್ತಿ ಬಳಸಿ ಹೇಳುವುದಿಲ್ಲ. ಕುಗನಿಗೆ ಹೇಳಿಬಿಟ್ಟೆ.

ನಿನ್ನ ಆಣೆ ಮುರಿಯಬೇಕೆಂದು ಹೇಳಿದ್ದಲ್ಲ. ಹಗ್ಗ ಮೇಜಿನ ಮೇಲಿತ್ತು, ಏನಿದು ಎಂದು ಕೇಳಿದ, ಬಾಯಿಗೆ ಬಂದುಬಿಟ್ಟಿತು. ಅವನು ಕೊನೆಯವರೆಗೂ ಕೇಳಿಸಿಕೊಂಡ. ಮರುದಿನ ಫೋಟೋ ತೆಗೆದು, ಹಗ್ಗವನ್ನು ಲಕೋಟೆಗೆ ಹಾಕಿ, ಮೀನುಗಾರಿಕೆ ನೋಡಿಕೊಳ್ಳುವ ಇಲಾಖೆಗೆ ಕಳಿಸಿದ. ನನಗೆ ಗೊತ್ತಾದದ್ದು ಕಳಿಸಿದ ಮೇಲೆ. ಹಾಗೆಂದು ಹೇಳಿದರೂ, ಮೊದಲೇ ಗೊತ್ತಾಗಿದ್ದರೆ ತಡೆಯುತ್ತಿದ್ದೆನಾ ಎಂದು ನನ್ನನ್ನೇ ಕೇಳಿಕೊಂಡೆ. ಇಲ್ಲ.

"ಅಮ್ಮಾ, ಮನೇಲಿ ತಪ್ಪು ನಡೆದ್ರೆ ಅತಿಥಿ ಮಾತ್ರ ಸುಮ್ನಿರ್ತಾನೆ. ಮನೆಯವ್ರು ಬಾಯಿ ಬಿಡ್ತಾರೆ," ಅಂದ. ನಾವು ಮೂವತ್ತು ವರ್ಷ ಬಾಗಿ ಬಾಗಿ ಕಸ ಎತ್ತಿದೆವು. ಎಸೆದವರ ಕೈ ಹಿಡಿದು ಕೇಳುವ ಅಧಿಕಾರ ನಮಗಿಲ್ಲವಾ? ನಿನ್ನ ಹೆಸರು ಎಲ್ಲೂ ಹಾಕಿಲ್ಲ.

ಬೈಯಬೇಕೆನಿಸಿದರೆ ಬೈ. ಫೋನ್ ಮಾಡಿದೆ, ನೀನು ಎತ್ತಲಿಲ್ಲ.

ತವಮಣಿ

*

ಹಾಲ್‌ವಿಕ್
15 ಜನವರಿ 2017

ತವಮಣಿ ಅಕ್ಕನಿಗೆ,

ನನ್ನ ಹೆಸರು ಹಾಕಲಿಲ್ಲ ಎಂದು ಬರೆದಿದ್ದೀಯ. ಈ ಊರಿನ ದಡದಲ್ಲಿ ಹಗ್ಗ ಎತ್ತುವವಳು ನಾನೊಬ್ಬಳೇ. ಹೆಸರು ಯಾಕೆ ಬೇಕು?

ಡಿಸೆಂಬರ್ ತಿಂಗಳ ಎರಡನೆಯ ಮಂಗಳವಾರ ಇಲಾಖೆಯಿಂದ ಇಬ್ಬರು ಬಂದರು. ಬಲೆಮನೆಯಲ್ಲಿ ಕೂತು ಕಾಫಿ ಕುಡಿದರು. ಇಂಥ ಹಗ್ಗ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ ಎಂದರಂತೆ ಓಡ್‌ವಾರ್. ಬಂದವರು ಇವರನ್ನು ಕರೆದು, ಹಗ್ಗ ಕೈಗೆ ಕೊಟ್ಟು, "ಈ ಸುತ್ತು ನಿಂದಾ?" ಎಂದು ಕೇಳಿದರು.

ಇವರಿಗೆ ಅದುವರೆಗೂ ಏನೂ ಗೊತ್ತಿರಲಿಲ್ಲ ಅಕ್ಕಾ. ತಮ್ಮ ಕೈಕೆಲಸವನ್ನು ಅಪರಿಚಿತರ ಕೈಯಲ್ಲಿ ನೋಡಿದ್ದು ಅದೇ ಮೊದಲು. ತಿರುಗಿಸಿ ನೋಡಿದರಂತೆ. ಓಡ್‌ವಾರ್ ಮುಖ ನೋಡಲಿಲ್ಲವಂತೆ.

"ನಂದಲ್ಲ," ಅಂದರಂತೆ.

ಅಷ್ಟೇ. ಅವರು ಬರೆದುಕೊಂಡು ಹೋದರು. ಹತ್ತು ದಿನಕ್ಕೆ ಕಾಗದ ಬಂತು, ಸಾಕ್ಷಿ ಸಾಲದು, ಮುಗಿಯಿತು.

ಅವರು ಬಂದುಹೋದ ದಿನ ಇವರು ಮನೆಗೆ ಬಂದು ಬೂಟು ಬಿಚ್ಚದೆ ಕೂತರು. "ನಮ್ಮಪ್ಪ ಕಲಿಸಿದ್ದು. ನಂದಲ್ಲ ಅಂದ್ಬಿಟ್ಟೆ," ಅಂದರು. ನಾನು ಅನ್ನಕ್ಕೆ ಇಟ್ಟೆ. ಹಿಟ್ಟಿನ ಡಬ್ಬ ತೆಗೆದು ಮುಂದಿಟ್ಟು ಎಲ್ಲ ಹೇಳಿದೆ. ಹದಿಮೂರು ತುಂಡನ್ನೂ ಒಂದೊಂದಾಗಿ ನೋಡಿದರು. ಯಾವುದನ್ನು ಯಾವ ತಿಂಗಳು ಕಟ್ಟಿದ್ದು ಎಂದು ಅವರಿಗೆ ಗೊತ್ತಾಗುತ್ತಿತ್ತೋ ಏನೋ. "ಮೊದಲು ನಂಗೆ ಹೇಳ್ಬೇಕಿತ್ತು ನೀನು," ಅಂದರು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

ಓಡ್‌ವಾರ್ ಇವರನ್ನು ಕೆಲಸದಿಂದ ತೆಗೆದಿಲ್ಲ. ಮೊದಲಿಗಿಂತ ಒಳ್ಳೆಯ ಮಾತಾಡುತ್ತಾರಂತೆ. ಇವರು ಈಗ ಹಗ್ಗದ ತುದಿಯನ್ನು ಎಲ್ಲರ ಹಾಗೆ ಬೆಂಕಿಗೆ ಹಿಡಿಯುತ್ತಾರೆ. ಕಾರ್ಖಾನೆಯ ಊಟದ ಕೋಣೆಗೆ ನಾನು ಹೋದರೆ ಯಾರೂ ಏಳುವುದಿಲ್ಲ, ಯಾರೂ ಬೈಯುವುದಿಲ್ಲ. ಮಾತು ಹವಾಮಾನಕ್ಕೆ ತಿರುಗುತ್ತದೆ.

ನೀನು ಅಲ್ಲಿ ಲಕ್ಷ ಜನರ ನಡುವೆ ಇದ್ದೀಯ, ಮನೆಯವಳ ಹಾಗೆ ಬಾಯಿ ಬಿಡಬಹುದು. ಇಲ್ಲಿ ನಾವು ಒಟ್ಟು ನಾನೂರು ಜನ. ನಾಳೆ ಜಾರಿ ಬಿದ್ದರೆ ಎತ್ತಬೇಕಾದವರೂ ಅವರೇ.

ಇನ್ನು ನನಗೆ ಬರೆಯಬೇಡ.

ಯೋಗಮಲರ್

*

ಓಸ್ಲೋ
12 ಫೆಬ್ರವರಿ 2017

ಯೋಗಾ,

ಬರೆಯಬೇಡ ಎಂದೆ ನೀನು, ಬರೆಯುತ್ತಿದ್ದೇನೆ ನಾನು. ಅರವತ್ತನಾಲ್ಕು ವರ್ಷಕ್ಕೆ ಇನ್ಯಾರ ಮಾತು ಕೇಳಲಿ?

ತಿಲ್ಲೈ 'ನಂದಲ್ಲ' ಎಂದ ವಿಷಯ ಓದಿ ಕುಗನಿಗೆ ತೋರಿಸಿದೆ. ಎರಡು ಸಲ ಓದಿ ಮಡಚಿಟ್ಟ. "ತಿಲ್ಲೈ ಮಾವ ಹಾಗೆ ಹೇಳ್ತಾರೆ ಅಂತ ನಂಗೆ ಹೊಳೀಲೇ ಇಲ್ಲ," ಅಂದ. ತಿಲ್ಲೈಯ ಹೆಗಲ ಮೇಲೆ ಕೂತು ದೋಣಿ ನೋಡಿದ ಹುಡುಗ ಅವನು. ಹುಟ್ಟಿದ್ದು ಅಲ್ಲೇ, ನಿಮ್ಮ ಹಾಲ್‌ವಿಕ್‌ನಲ್ಲೇ. ಅವನಿಗೆ ಅನುಮಾನವೇ ಬರುವುದಿಲ್ಲ ಯೋಗಾ, ತಾನು ಇಲ್ಲಿಯವನು ಹೌದೋ ಅಲ್ಲವೋ ಎಂದು. ಅದಕ್ಕೇ ಅವನಿಗೆ ನಮ್ಮ ಹೆದರಿಕೆ ಅರ್ಥವಾಗುವುದಿಲ್ಲ. ನಾವೇ ಅಲ್ಲವಾ ಅವನನ್ನು ಹಾಗೆ ಬೆಳೆಸಿದ್ದು?

ತಪ್ಪು ಮಾಡಿದೆ. ನಿನ್ನ ಆಣೆ ಮುರಿದದ್ದು ತಪ್ಪು. ಉಳಿದದ್ದು ತಪ್ಪು ಎಂದು ಹೇಳಲು ಬಾಯಿ ಬರುತ್ತಿಲ್ಲ, ನಿನಗೆ ಸಮಾಧಾನವಾಗಲಿ ಎಂದು ಸುಳ್ಳು ಬರೆಯಲೂ ಆಗುತ್ತಿಲ್ಲ.

ನಿನ್ನ ಅಕ್ಕ
ತವಮಣಿ

*

ಓಸ್ಲೋ
18 ಏಪ್ರಿಲ್ 2017

ಯೋಗಾ,

ನಮ್ಮ ತಮಿಳು ಹೊಸ ವರ್ಷದ ದಿನ ಫೋನ್ ಮಾಡಿದ್ದೆ. ತಿಲ್ಲೈ ಎತ್ತಿ, "ಅವಳು ಮಲಗಿದಾಳೆ ಅಕ್ಕಾ," ಅಂದರು. ಮಧ್ಯಾಹ್ನ ಹನ್ನೆರಡು ಗಂಟೆ. ಹಿಂದೆ ಒಗ್ಗರಣೆ ಸದ್ದು ಕೇಳುತ್ತಿತ್ತು. "ಆಯ್ತು, ಎದ್ದ ಮೇಲೆ ಹೇಳಿ," ಅಂದೆ.

ಇಬ್ಬರೂ ಇಲ್ಲಿಗೆ ಬಂದುಬಿಡಿ. ಕೋಣೆ ಇದೆ. ಇಷ್ಟನ್ನೇ ಹೇಳಬೇಕಿತ್ತು.

ತವಮಣಿ

*

ಹಾಲ್‌ವಿಕ್
23 ಮೇ 2017

ಅಕ್ಕಾ,

ಓಸ್ಲೋಗೆ ಬರುವುದಿಲ್ಲ. ಇವರನ್ನು ಸಮುದ್ರದಿಂದ ಕಿತ್ತು ನಿನ್ನ ತೊರೆಯ ಪಕ್ಕ ನೆಟ್ಟರೆ ಉಳಿಯುವುದಿಲ್ಲ. ಅದನ್ನು ಹೇಳಲು ಬರೆಯುತ್ತಿಲ್ಲ. ಮೊನ್ನೆ ಶನಿವಾರ ನಡೆದದ್ದನ್ನು ಹೇಳಬೇಕು.

ಅಡುಗೆಮನೆಯ ಕಿಟಕಿಯಿಂದ ಉತ್ತರ ಕೊಲ್ಲಿ ಕಾಣುತ್ತದಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಕಾರುಗಳು ಬಂದು ನಿಂತವು. ಒಂದು, ಎರಡು, ಆಮೇಲೆ ಎಣಿಸುವುದು ಬಿಟ್ಟೆ. ಕಾರ್ಖಾನೆಯವರು, ಶಾಲೆಯವರು, ಚರ್ಚಿನ ಹೆಂಗಸರು, ಮಕ್ಕಳು. ಯೋವ್ನಾ ಬಂದಿದ್ದ. ಓಡ್‌ವಾರ್ ತಮ್ಮ ಟ್ರಾಕ್ಟರ್ ತಂದಿದ್ದರು. ಎಲ್ಲರ ಕೈಯಲ್ಲೂ ಹಳದಿ ಚೀಲ. ಊರಿಗೆ ಊರೇ ಇಳಿದು ದಡ ಗುಡಿಸಲು ಶುರು ಮಾಡಿತು ಅಕ್ಕಾ. ನಾವು ಬನ್ನಿ ಬನ್ನಿ ಎಂದು ಇಪ್ಪತ್ತೈದು ವರ್ಷ ಕರೆದದ್ದು ಇದಕ್ಕೇ ಅಲ್ಲವಾ?

ನನಗೆ ಯಾರೂ ಹೇಳಿರಲಿಲ್ಲ.

ಒಂಬತ್ತೂವರೆಗೆ ಓಡ್‌ವಾರ್ ಅವರ ಹೆಂಡತಿ ಸೊಲ್‌ಫ್ರಿಡ್ ಬಂದು ಬಾಗಿಲು ತಟ್ಟಿದ್ದಳು. "ತಿಲ್ಲೈ ಇದಾನಾ? ಟ್ರಾಕ್ಟರಿಗೆ ಹಗ್ಗ ಬಿಗಿಯೋಕೆ ಅವನೇ ಬೇಕಂತೆ," ಅಂದಳು. ನನ್ನ ಮುಖ ನೋಡಿ ನಕ್ಕಳು. ಒಳ್ಳೆಯ ನಗೆಯೇ. "ಇವತ್ತು ಬಿಸಿಲು ಚೆನ್ನಾಗಿದೆ," ಎಂದು ಹೊರಟಳು.

ಇವರು ಬೂಟು ಹಾಕಿಕೊಂಡು ನನ್ನ ಕಡೆ ನೋಡಿದರು. ಬೇಡ ಎಂದರೆ ಹೋಗುತ್ತಿರಲಿಲ್ಲ. "ಹೋಗಿ ಬನ್ನಿ," ಅಂದೆ.

ನಾಲ್ಕು ತಾಸು ಕಿಟಕಿಯಲ್ಲಿ ನಿಂತಿದ್ದೆ. ಅವರಿಗೆ ಕ್ರಮ ಗೊತ್ತಿಲ್ಲ. ಮರಳಿನ ಮೇಲಿನದನ್ನಷ್ಟೇ ಹೆಕ್ಕುತ್ತಾರೆ, ಕಡಲಪಾಚಿಯ ಅಡಿಯಲ್ಲಿ ಕೈ ಹಾಕುವುದಿಲ್ಲ. ಎಲ್ಲ ಅಲ್ಲೇ ಇರುವುದು. ಕಿಟಕಿ ತೆರೆದು ಕೂಗಿ ಹೇಳೋಣ ಅನಿಸುತ್ತಿತ್ತು, ಅಲ್ಲಲ್ಲ, ಪಾಚಿ ಎತ್ತಿ ನೋಡಿ, ಎಂದು. ಆದರೂ ಅಷ್ಟು ಕೈ ಸೇರಿದರೆ ಏನಾಗಬೇಕೋ ಅದು ಆಯಿತು. ಎರಡು ಗಂಟೆಗೆ ಕೊಲ್ಲಿ ಹೇಗಿತ್ತೆಂದರೆ, ನಾವಿಬ್ಬರೂ ಸೇರಿ ಒಂದು ದಿನವೂ ಹಾಗೆ ಮಾಡಲಾಗಿರಲಿಲ್ಲ. ನನಗೆ ಸಂತೋಷವಾಯಿತು. ಸುಳ್ಳಲ್ಲ. ಸಂತೋಷವಾಗಿ, ಕುರ್ಚಿ ಎಳೆದುಕೊಂಡು ಕೂತೆ. ಇಷ್ಟೆಲ್ಲ ಮಾಡಲು ಅವರಿಗೆ ಬರುತ್ತಿತ್ತು. ಅದಕ್ಕೆ ನಾನು ಅಲ್ಲಿ ಇರಬಾರದಿತ್ತು, ಅಷ್ಟೇ.

ಅವರು ಕೆಟ್ಟವರು ಎಂದು ಬರೆಯಲಾರೆ. ನಾಚಿಕೆಯಾಗಿ ಬಂದಿರಬೇಕು. ನನ್ನ ಮುಂದೆ ಆ ನಾಚಿಕೆ ತೋರಿಸಲು ಮನಸ್ಸು ಬಂದಿರಲಿಕ್ಕಿಲ್ಲ. ಅದು ನನಗೆ ಅರ್ಥವಾಗುತ್ತದೆ. ಅರ್ಥವಾದರೆ ನೋವು ಕಡಿಮೆಯಾಗುತ್ತದೆ ಎಂದು ಯಾರು ಹೇಳಿದರೋ.

ಇವರು ಮೂರು ಗಂಟೆಗೆ ಬಂದರು. ಕೆನ್ನೆ ಬಿಸಿಲಿಗೆ ಕೆಂಪಾಗಿತ್ತು. ಎಷ್ಟೋ ತಿಂಗಳ ಮೇಲೆ ಊರಿನ ಗಂಡಸರ ಜೊತೆ ಕೂತು ನಕ್ಕು ಬಂದ ಮುಖ. ಸೊಲ್‌ಫ್ರಿಡ್ ಕಾಗದದಲ್ಲಿ ಸುತ್ತಿಕೊಟ್ಟ ಎರಡು ದೋಸೆಯಂಥ ಸಿಹಿ ರೊಟ್ಟಿ ಮೇಜಿನ ಮೇಲಿಟ್ಟರು. ಇನ್ನೂ ಬೆಚ್ಚಗಿತ್ತು.

"ಯಾರಾದ್ರೂ ನನ್ನ ಬಗ್ಗೆ ಕೇಳಿದ್ರಾ?" ಅಂದೆ.

"ಇಲ್ಲ," ಅಂದರು.

ಕೈ ತೊಳೆದರು. ಒರೆಸಿಕೊಂಡರು. ನನ್ನ ಕಡೆ ಬೆನ್ನು ಹಾಕಿಯೇ, "ನಾನೂ ಏನೂ ಹೇಳ್ಲಿಲ್ಲ," ಅಂದರು.

ಅದನ್ನೇ ನಿನಗೆ ಹೇಳಬೇಕಿತ್ತು. ನಿನ್ನ ಮೇಲಿನ ಸಿಟ್ಟು ಹೋಗಿದೆ ಎಂದುಕೊಳ್ಳಬೇಡ, ಹಾಗೇ ಇದೆ. ಆದರೆ ಈ ಮಾತು ಕೇಳಿದರೆ ಅರ್ಥವಾಗುವವರು ಈ ದೇಶದಲ್ಲಿ ನಿನ್ನ ಬಿಟ್ಟು ನನಗೆ ಇನ್ಯಾರಿದ್ದಾರೆ ಎಂದು ಮೂರು ದಿನ ಯೋಚಿಸಿದೆ. ಯಾರೂ ಸಿಗಲಿಲ್ಲ.

ಉತ್ತರ ಬರೆಯುತ್ತೀಯೋ ಬಿಡುತ್ತೀಯೋ ನೀನೇ ನೋಡು. ಬರೆ ಎನ್ನಲೂ ಆಗುತ್ತಿಲ್ಲ, ಬೇಡ ಎನ್ನಲೂ ಆಗುತ್ತಿಲ್ಲ ನನಗೆ.

ಯೋಗಾ